ಕೊಯ್ಲಿಗೆ ಮುಂಚೆ ಒಂದು ಪ್ರಸಂಗ: ಕಾಫಿ ಸೀಮೆಯ ಸಭೆಗಳಿಗೆ ಬಹಿರಂಗ ಪತ್ರ

ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಕಾಫಿ ಸೀಮೆಯಲ್ಲಿರುವ ಸಭೆಗಳ ಪಾಸ್ಟರರಿಗೆ, ಹಿರಿಯರಿಗೆ, ತೋಟ ಇರುವ ವಿಶ್ವಾಸಿಗಳಿಗೆ,

ಕರ್ತನಾದ ಯೇಸು ಕ್ರಿಸ್ತನ ಹೆಸರಿನಲ್ಲಿ ವಂದನೆಗಳು.

ನಾನು ಮೂಡಿಗೆರೆ ತಾಲ್ಲೂಕಿನ ಒಂದು ಕಾಫಿ ತೋಟದಲ್ಲಿ ರೈಟರ್. ಚೆಕ್‌ರೋಲ್ (ಆಳುಗಳ ಹಾಜರಿ, ಕೂಲಿಯ ಲೆಕ್ಕದ ಪುಸ್ತಕ) ಬರೆಯುವುದು, ಸಂಜೆ ಹಣ್ಣು ತೂಕ ಹಾಕಿಸುವುದು, ವಾರಕ್ಕೊಮ್ಮೆ ಕೂಲಿ ಬಟವಾಡೆ ಮಾಡುವುದು ನನ್ನ ಕೆಲಸ. ಭಾನುವಾರ ನಮ್ಮ ಸಭೆಯಲ್ಲಿ ಸಂಡೇ ಸ್ಕೂಲ್ ಮಕ್ಕಳಿಗೆ ಪಾಠ ಹೇಳುತ್ತೇನೆ. ಇನ್ನು ಕೆಲವೇ ವಾರಗಳಲ್ಲಿ ಅರೇಬಿಕಾ ಕೊಯ್ಲು ಶುರುವಾಗುತ್ತದೆ. ಅದು ಮುಗಿಯುವಷ್ಟರಲ್ಲಿ ರೊಬಸ್ಟಾ ಹಣ್ಣಾಗಿರುತ್ತದೆ. ನವೆಂಬರಿನಿಂದ ಮಾರ್ಚಿವರೆಗೆ ನಮ್ಮ ಸೀಮೆಯಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ. ಅದಕ್ಕೇ ಈಗಲೇ ಬರೆಯುತ್ತಿದ್ದೇನೆ.

ನನ್ನ ಕೋರಿಕೆ ಒಂದೇ. ಕೊಯ್ಲು ಶುರುವಾಗುವ ಮೊದಲು ಒಂದು ಭಾನುವಾರ, ಕೂಲಿಯ ಬಗ್ಗೆ, ತಕ್ಕಡಿಯ ಬಗ್ಗೆ, ಮುಂಗಡ ಸಾಲದ ಬಗ್ಗೆ ದೇವರ ವಾಕ್ಯ ಏನು ಹೇಳುತ್ತದೆ ಅಂತ ನಿಮ್ಮ ಸಭೆಯಲ್ಲಿ ಪ್ರಸಂಗ ಮಾಡಿ. ಅದನ್ನು ಕೇಳಿದ ಮಾಲೀಕರು, ಆಳುಗಳನ್ನು ಕರೆತರುವ ಮೇಸ್ತ್ರಿಗಳು, ರೈಟರ್‌ಗಳು ಅದರಂತೆ ನಡೆಯುತ್ತಿದ್ದಾರಾ ಅಂತ ಕೊಯ್ಲು ಮುಗಿಯುವವರೆಗೂ ವಿಚಾರಿಸುತ್ತಿರಿ.

ಈ ಸೀಮೆಯಲ್ಲಿ ನಾವು ಹಲವು ಬಗೆಯ ಸಭೆಗಳವರಿದ್ದೇವೆ. ದೊಡ್ಡ ಕಟ್ಟಡದಲ್ಲಿ ಕೂಡುವವರಿದ್ದಾರೆ, ಲೈನ್ ಮನೆಯ (ತೋಟದ ಆಳುಗಳ ಸಾಲುಮನೆಯ) ಜಗಲಿಯಲ್ಲಿ ಚಾಪೆ ಹಾಸಿ ಕೂಡುವವರೂ ಇದ್ದಾರೆ. ಆರಾಧನೆಯ ಕ್ರಮ ಬೇರೆ ಬೇರೆ ಇರಬಹುದು. ಬೈಬಲ್ ಪೂರ್ತಿಯಾಗಿ ದೇವರ ವಾಕ್ಯ ಅಂತ ನಂಬುವುದರಲ್ಲಿ ಮಾತ್ರ ನಾವೆಲ್ಲ ಒಂದೇ. ಹಾಗೆ ನಂಬುವವರು ಅದರಲ್ಲಿ ತಮಗೆ ಬೇಕಾದ್ದನ್ನು ಮಾತ್ರ ಓದುವ ಹಾಗಿಲ್ಲ. ರಕ್ಷಣೆಯ ಬಗ್ಗೆ, ಸ್ವಸ್ಥತೆಯ ಬಗ್ಗೆ, ಆಶೀರ್ವಾದದ ಬಗ್ಗೆ, ಕರ್ತನ ಬರೋಣದ ಬಗ್ಗೆ ಪ್ರಸಂಗ ಕೇಳುತ್ತೇವೆ. ಅದೆಲ್ಲ ಬೇಕು. ಆದರೆ ಸುತ್ತ ನಾಲ್ಕು ದಿಕ್ಕಿಗೂ ಕಾಫಿ ತೋಟ ಇರುವ ಸಭೆಯಲ್ಲಿ, ಕೂತವರಲ್ಲಿ ಅರ್ಧ ಜನ ಕೂಲಿ ಕೊಡುವವರು ಇಲ್ಲವೇ ಪಡೆಯುವವರೇ ಆಗಿರುವಾಗ, ಕೂಲಿಯ ಬಗ್ಗೆ ವರ್ಷಗಟ್ಟಲೆ ಒಂದು ಪ್ರಸಂಗವೂ ಬರುವುದಿಲ್ಲ ಅಂದರೆ ನನಗೆ ದುಃಖವಾಗುತ್ತದೆ.

ಯಾಜಕಕಾಂಡ 19ನೇ ಅಧ್ಯಾಯ ತೆರೆದು ನೋಡಿ. ನಿನ್ನ ನೆರೆಯವನನ್ನು ನಿನ್ನ ಹಾಗೆಯೇ ಪ್ರೀತಿಸು ಅನ್ನುವ ಆಜ್ಞೆ ಇರುವುದು ಅಲ್ಲಿ, 18ನೇ ವಚನದಲ್ಲಿ. ಯೇಸು ಎರಡನೆಯ ದೊಡ್ಡ ಆಜ್ಞೆ ಅಂತ ಎತ್ತಿ ಹೇಳಿದ್ದು ಅದನ್ನೇ. ನಮ್ಮ ಸಂಡೇ ಸ್ಕೂಲಿನ ಚಿಕ್ಕ ಮಕ್ಕಳಿಗೂ ಅದು ಬಾಯಿಪಾಠ. ಆ ವಚನದ ಹಿಂದೆ ಮುಂದೆ ಏನಿದೆ? 9 ಮತ್ತು 10ರಲ್ಲಿ ಕೊಯ್ಲಿನ ಮಾತು: ಹೊಲದ ಅಂಚಿನವರೆಗೂ ಕೊಯ್ಯಬೇಡ, ಉದುರಿದ್ದನ್ನು ಆರಿಸಬೇಡ, ಬಡವರಿಗೆ ಮತ್ತು ಪರದೇಶದವರಿಗೆ ಬಿಡು. 13ರಲ್ಲಿ ಕೂಲಿಯ ಮಾತು: ಕೂಲಿಯವನ ಕೂಲಿಯನ್ನು ಬೆಳಗಿನವರೆಗೂ ನಿನ್ನ ಹತ್ತಿರ ಇಟ್ಟುಕೊಳ್ಳಬೇಡ. 33, 34ರಲ್ಲಿ ಹೊರಗಿನಿಂದ ಬಂದು ನಿಮ್ಮ ನಡುವೆ ಇರುವವನನ್ನು ಸ್ವಂತದವನ ಹಾಗೆ ನೋಡಿಕೊಳ್ಳುವ ಮಾತು. 35, 36ರಲ್ಲಿ ತಕ್ಕಡಿ, ತೂಕದ ಕಲ್ಲು, ಅಳತೆಯ ಪಾತ್ರೆ. ಪ್ರೀತಿಯ ಆಜ್ಞೆಯನ್ನು ದೇವರು ಇಟ್ಟಿದ್ದು ಕೂಲಿ ಮತ್ತು ತಕ್ಕಡಿಯ ನಡುವೆ. ಆ ವಚನವೊಂದನ್ನೇ ಕಿತ್ತು ತೆಗೆದು, ಚೌಕಟ್ಟು ಹಾಕಿ, ಹಾಲ್‌ನ ಗೋಡೆಗೆ ತೂಗುಹಾಕಿದ್ದು ನಾವು.

ಅದೇ ಅಧ್ಯಾಯದ 14ನೇ ವಚನ ನನ್ನ ಕೆಲಸಕ್ಕೆ ತುಂಬಾ ಹತ್ತಿರದ್ದು. ಕಿವುಡನನ್ನು ಶಪಿಸಬೇಡ, ಕುರುಡನ ದಾರಿಯಲ್ಲಿ ಎಡವುವಂಥದ್ದನ್ನು ಇಡಬೇಡ ಅನ್ನುತ್ತದೆ. ಕೂಲಿಯ ಮಾತು ಮುಗಿದ ಕೂಡಲೇ ಈ ಮಾತು ಬರುತ್ತದೆ. ಓದು ಬಾರದ ಹೆಂಗಸು ಚೆಕ್‌ರೋಲ್ ಮುಂದೆ ನಿಂತಾಗ ಅವರಿಗೆ ಅದರಲ್ಲಿ ಏನು ಬರೆದಿದೆ ಅಂತ ಕಾಣುವುದಿಲ್ಲ. ಕನ್ನಡ ಬಾರದ ಆಳಿಗೆ ನಾವು ಕೂಗಿದ ತೂಕ ಕೇಳಿದರೂ ಅರ್ಥವಾಗುವುದಿಲ್ಲ. ತಪ್ಪು ಲೆಕ್ಕ ಬರೆದು ಅವರ ಹೆಬ್ಬೆಟ್ಟು ಒತ್ತಿಸಿಕೊಳ್ಳುವವನು ಈ ವಚನ ಮೀರಿದವನೇ ಅಂತ ನಾನು ನಂಬುತ್ತೇನೆ. ವಚನ ಅಲ್ಲಿಗೇ ನಿಲ್ಲುವುದಿಲ್ಲ, ನಿನ್ನ ದೇವರಿಗೆ ಭಯಪಡು ಅನ್ನುತ್ತದೆ. ಆಳು ನೋಡದೆ ಇರಬಹುದು, ದೇವರು ನೋಡುತ್ತಾನೆ ಅಂತ ತಾನೇ ಅದರ ಅರ್ಥ?

ತೋಟದ ಹೊರಗಿನ ಓದುಗರಿಗಾಗಿ ತೂಕದ ಹೊತ್ತು ಹೇಗಿರುತ್ತದೆ ಅಂತ ಹೇಳುತ್ತೇನೆ. ಕೊಯ್ಲಿನಲ್ಲಿ ಬಹಳ ಕಡೆ ಕೆ.ಜಿ. ಲೆಕ್ಕದ ಕೂಲಿ. ದಿನಗೂಲಿ ಇರುವ ಕಡೆಯೂ ಇಷ್ಟು ಕೆ.ಜಿ. ಆಗಲೇಬೇಕು, ಅದರ ಮೇಲೆ ಕೊಯ್ದದ್ದಕ್ಕೆ ಬೇರೆ ದುಡ್ಡು ಅಂತ ಇರುತ್ತದೆ. ಸಂಜೆ ಆಗುತ್ತಿದ್ದ ಹಾಗೆ ಎಲ್ಲರೂ ಚೀಲ ಹೊತ್ತು ಕಣಕ್ಕೋ ಜೀಪಿನ ದಾರಿಗೋ ಬರುತ್ತಾರೆ. ಹಸಿಕಾಯಿ, ಎಲೆ ಆರಿಸಿ ತೆಗೆಯುತ್ತಾರೆ. ಆಮೇಲೆ ತೂಕ. ಬೆಳಗ್ಗೆಯಿಂದ ಇಳಿಜಾರಿನಲ್ಲಿ ನಿಂತು, ಕೆಂಜಿಗ ಇರುವೆ ಕಚ್ಚಿಸಿಕೊಂಡು, ಗಿಡ ಬಗ್ಗಿಸಿ ಕೊಯ್ದ ಒಂದು ಇಡೀ ದಿನ ಆ ಒಂದು ಅಂಕಿಯೊಳಗೆ ಸೇರುತ್ತದೆ. ಅಂಕಿ ಹೇಳುವವನು ಒಬ್ಬ, ಬರೆಯುವವನು ಇನ್ನೊಬ್ಬ. ಕೆಲವು ಕಡೆ ಇಬ್ಬರೂ ಒಬ್ಬನೇ.

ಇಲ್ಲಿ ಕಡಿತ ಹೇಗೆ ನಡೆಯುತ್ತದೆ ಅಂತ ನಮ್ಮ ಸೀಮೆಯಲ್ಲಿ ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಚೀಲದ ತೂಕ ಅಂತ 1 ಕೆ.ಜಿ. ಕಳೆಯುತ್ತಾರೆ. ಪ್ಲಾಸ್ಟಿಕ್ ಚೀಲ ಅಷ್ಟು ತೂಗುವುದೇ ಇಲ್ಲ. ಇಬ್ಬನಿಯ ನೀರು ಅಂತ ಇನ್ನಷ್ಟು. ಮೀಟರಿನಲ್ಲಿ 46 ಕೆ.ಜಿ. 800 ಗ್ರಾಂ ಕಂಡರೆ ಪುಸ್ತಕದಲ್ಲಿ 46. ತಕ್ಕಡಿಯ ಮುಖ ಬರೆಯುವವನ ಕಡೆಗೆ ತಿರುಗಿರುತ್ತದೆ, ಹೊತ್ತು ತಂದವರಿಗೆ ಕಾಣುವುದಿಲ್ಲ.

ನನ್ನ ಅಮ್ಮ ಕಾಫಿ ಕೊಯ್ದು ನನ್ನನ್ನು ಓದಿಸಿದವರು. ಅವರಿಗೆ ಓದು ಬರುತ್ತಿರಲಿಲ್ಲ, ಲೆಕ್ಕ ಚೆನ್ನಾಗಿ ಬರುತ್ತಿತ್ತು. ಬಟವಾಡೆಯ ದಿನ ಮನೆಗೆ ಬಂದು ಬೆರಳು ಮಡಿಸಿ ಎಣಿಸಿ, ಇಷ್ಟು ಬರಬೇಕಿತ್ತಲ್ಲ ಮಗ ಅನ್ನುತ್ತಿದ್ದರು. ಆ ತೋಟದ ಮಾಲೀಕರು ಪ್ರಾರ್ಥನೆ ಮಾಡುವ ಮನುಷ್ಯರು. ಮನೆಯಲ್ಲಿ ಆರಾಧನೆ ಇಟ್ಟಾಗ ಲೈನಿನವರನ್ನೆಲ್ಲ ಕರೆಯುತ್ತಿದ್ದರು, ಊಟ ಹಾಕುತ್ತಿದ್ದರು. ಅಮ್ಮ ಹೋಗಿ ಹಿಂದೆ ಕೂತು ಸ್ತೋತ್ರ ಹೇಳಿ ಬರುತ್ತಿದ್ದರು. ಅವರ ವಿಶ್ವಾಸ ಕೆಡಲಿಲ್ಲ, ಅದು ದೇವರ ಕೃಪೆ. ಆದರೆ ಅದೇ ಲೈನಿನಲ್ಲಿ ಎಷ್ಟೋ ಜನ, ಇವರ ದೇವರೂ ಇಷ್ಟೇ ಅಂದುಕೊಂಡು ದೂರ ಹೋದರು. ಸುವಾರ್ತೆಯ ಕೈಪತ್ರ ಹಂಚುವ ಮೊದಲು ನಾವು ಇದನ್ನು ಯೋಚಿಸಬೇಕು. ಲೈನಿನಲ್ಲಿ ಇರುವವರು ನಮ್ಮ ಸಾಕ್ಷಿಯನ್ನು ಮೊದಲು ಓದುವುದು ಚೆಕ್‌ರೋಲಿನಲ್ಲಿ.

ಒಂದು ಲೆಕ್ಕ ಹಾಕಿ ನೋಡೋಣ. 30 ಜನ ಕೊಯ್ಲಿನವರು, 60 ದಿನದ ಕೊಯ್ಲು, ದಿನಕ್ಕೆ ಒಬ್ಬರಿಂದ 1 ಕೆ.ಜಿ. ಕಡಿತ ಅಂತ ಇಟ್ಟುಕೊಳ್ಳಿ. 1,800 ಕೆ.ಜಿ. ಆಯಿತು. ಕೆ.ಜಿ.ಗೆ 5 ರೂಪಾಯಿ ಕೂಲಿ ಅಂತ ಹಿಡಿದರೆ 9,000 ರೂಪಾಯಿ. ಈಚಿನ ವರ್ಷಗಳಲ್ಲಿ 50 ಕೆ.ಜಿ.ಯ ಒಂದು ಮೂಟೆ ಅರೇಬಿಕಾ ಪಾರ್ಚ್‌ಮೆಂಟಿಗೆ (ಹಣ್ಣಿನ ಸಿಪ್ಪೆ ತೆಗೆದು ತೊಳೆದು ಒಣಗಿಸಿದ ಕಾಫಿಗೆ) ಸಿಕ್ಕ ಬೆಲೆ ಇದಕ್ಕಿಂತ ಜಾಸ್ತಿ. ಅಂದರೆ ಇಡೀ ಕೊಯ್ಲಿನ ಕಡಿತದಿಂದ ಮಾಲೀಕರಿಗೆ ಉಳಿಯುವುದು ಒಂದು ಮೂಟೆಯ ಬೆಲೆಗಿಂತ ಕಡಿಮೆ. ಅತ್ತ ಕೊಯ್ದವರಿಗೆ ಒಬ್ಬೊಬ್ಬರಿಗೆ 300 ರೂಪಾಯಿ ಹೋಯಿತು. ಅದು ಒಂದು ಮನೆಯ ಅಕ್ಕಿ ಬೇಳೆ. ಇಷ್ಟಕ್ಕೋಸ್ಕರ ಒಬ್ಬ ವಿಶ್ವಾಸಿ ತನ್ನ ಹೆಸರನ್ನೂ ಕರ್ತನ ಹೆಸರನ್ನೂ ಅಡ ಇಡುತ್ತಾನಾ? ಕೊಟ್ಟುಬಿಟ್ಟರೆ ತೋಟ ಮುಳುಗುವುದಿಲ್ಲ. ಬಹುಪಾಲು ಇದು ದುರಾಸೆಗಿಂತ ಹೆಚ್ಚಾಗಿ ಹಳೇ ರೂಢಿ. ಅಪ್ಪನ ಕಾಲದಿಂದ ಹೀಗೇ ನಡೆದಿದೆ ಅಂತ ನಡೆಯುತ್ತದೆ. ರೂಢಿಯನ್ನು ಮುರಿಯಲು ವಾಕ್ಯಕ್ಕೆ ಶಕ್ತಿ ಇದೆ ಅಂತ ನಂಬಿದವರು ನಾವು, ಅಲ್ವಾ?

ವಾಕ್ಯ ಇಲ್ಲಿ ಎಷ್ಟು ಖಡಾಖಂಡಿತ ಅಂದರೆ, ಜ್ಞಾನೋಕ್ತಿ 11ರ ಮೊದಲ ವಚನ ಮೋಸದ ತಕ್ಕಡಿ ದೇವರಿಗೆ ಅಸಹ್ಯ ಅನ್ನುತ್ತದೆ. 16:11ರಲ್ಲಿ ಚೀಲದಲ್ಲಿರುವ ತೂಕದ ಕಲ್ಲುಗಳು ಕೂಡ ಆತನ ಕೆಲಸವೇ ಅಂತ ಇದೆ. ಧರ್ಮೋಪದೇಶಕಾಂಡ 25ರಲ್ಲಿ ದೊಡ್ಡದೊಂದು, ಚಿಕ್ಕದೊಂದು ಅಂತ ಎರಡು ಬಗೆಯ ತೂಕದ ಕಲ್ಲು ಇಟ್ಟುಕೊಳ್ಳುವುದನ್ನೇ ನಿಷೇಧಿಸಿದೆ. ಆಮೋಸ 8ನೇ ಅಧ್ಯಾಯದಲ್ಲಿ ಸಬ್ಬತ್ ಯಾವಾಗ ಮುಗಿಯುತ್ತದೆ, ಯಾವಾಗ ಹೋಗಿ ಅಳತೆ ಕಿರಿದು ಮಾಡಿ ಧಾನ್ಯ ಮಾರೋಣ ಅಂತ ಕಾಯುತ್ತಾ ಕೂತವರ ಚಿತ್ರ ಇದೆ. ಅವರು ಆರಾಧನೆಗೆ ಬಂದವರೇ. ದೇವರು ಆ ಕೃತ್ಯಗಳನ್ನು ಎಂದಿಗೂ ಮರೆಯುವುದಿಲ್ಲ ಅಂತ ಆಣೆ ಇಟ್ಟು ಹೇಳುತ್ತಾನೆ. ಇನ್ನು ಯಾಕೋಬನ ಪತ್ರ 5:4. ಹೊಲ ಕೊಯ್ದವರಿಂದ ಹಿಡಿದುಕೊಂಡ ಕೂಲಿಗೆ ಬಾಯಿ ಬಂದು ಅದು ಕೂಗುತ್ತದೆ, ಕೊಯ್ದವರ ಕೂಗು ಸೇನಾಧೀಶ್ವರನಾದ ಕರ್ತನ ಕಿವಿ ಮುಟ್ಟಿದೆ ಅಂತ. ಕೊಯ್ಲಿನ ಸೀಮೆಯವರಾದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಕೆಲವು ಸಹೋದರರು ಇಲ್ಲಿ ಒಂದು ಪ್ರಶ್ನೆ ಎತ್ತುತ್ತಾರೆ. ನಾವು ಕೃಪೆಯಿಂದ ರಕ್ಷಣೆ ಹೊಂದಿದವರು, ಕ್ರಿಯೆಗಳಿಂದಲ್ಲ. ಇದು ಹಳೇ ಒಡಂಬಡಿಕೆಯ ನಿಯಮ, ನಮಗೆ ಯಾಕೆ ಅಂತ. ಪ್ರಶ್ನೆ ಪ್ರಾಮಾಣಿಕವಾದದ್ದು, ಉತ್ತರವೂ ಹಾಗೇ ಇರಬೇಕು. ಹೌದು, ಶಿಲುಬೆಯ ಮೇಲೆ ಕ್ರಿಸ್ತನು ಮಾಡಿದ್ದಕ್ಕೆ ನಾವು ಒಂದು ಪೈಸೆಯನ್ನೂ ಸೇರಿಸಲಾರೆವು. ಸರಿಯಾದ ಕೂಲಿ ಕೊಟ್ಟು ಯಾರೂ ಪರಲೋಕ ಕೊಂಡುಕೊಳ್ಳಲಾರರು. ಆದರೆ ಎಫೆಸ 2ನೇ ಅಧ್ಯಾಯದ 8, 9 ವಚನ ಬಾಯಿಪಾಠ ಮಾಡಿದವರು 10ನೆಯದನ್ನೂ ಓದಬೇಕು. ಒಳ್ಳೆಯ ಕ್ರಿಯೆಗಳಿಗಾಗಿಯೇ ಕ್ರಿಸ್ತನಲ್ಲಿ ನಮ್ಮನ್ನು ಸೃಷ್ಟಿಸಿದ್ದಾನೆ ಅಂತ ಅಲ್ಲಿದೆ. ಕೊಲೊಸ್ಸೆ 4:1 ಹೊಸ ಒಡಂಬಡಿಕೆಯದೇ. ಯಜಮಾನರೇ, ನ್ಯಾಯವಾದದ್ದನ್ನು ಕೊಡಿ, ನಿಮಗೂ ಪರಲೋಕದಲ್ಲಿ ಒಬ್ಬ ಯಜಮಾನನಿದ್ದಾನೆ ಅನ್ನುತ್ತದೆ. ಸುಂಕದವನಾದ ಜಕ್ಕಾಯನ ಮನೆಗೆ ಯೇಸು ಹೋದದ್ದು ಅವನು ದುಡ್ಡು ವಾಪಸ್ ಕೊಟ್ಟ ಮೇಲೆ ಅಲ್ಲ, ಮೊದಲೇ. ಅದು ಕೃಪೆ. ಯೇಸು ಮನೆಗೆ ಬಂದ ಮೇಲೆ ಅವನ ಬಾಯಿಂದ ಬಂದ ಮಾತು ಮಾತ್ರ ಪೂರ್ತಿ ಲೆಕ್ಕದ ಮಾತು: ಅರ್ಧ ಆಸ್ತಿ ಬಡವರಿಗೆ, ಅನ್ಯಾಯವಾಗಿ ತೆಗೆದುಕೊಂಡಿದ್ದರೆ ನಾಲ್ಕರಷ್ಟು ವಾಪಸ್. ಈ ಮನೆಗೆ ಈ ದಿನ ರಕ್ಷಣೆ ಬಂತು ಅಂತ ಯೇಸು ಹೇಳಿದ್ದು ಈ ಮಾತು ಕೇಳಿ.

ಈಗ ಮುಂಗಡದ ವಿಷಯ. ಇದು ತೂಕಕ್ಕಿಂತ ಕಷ್ಟದ್ದು. ಕೊಯ್ಲಿಗೆ ಜನ ಸಿಗುವುದಿಲ್ಲ ಅಂತ ತೋಟದವರು ಮೇಸ್ತ್ರಿಗೆ ದುಡ್ಡು ಕೊಟ್ಟಿರುತ್ತಾರೆ. ಮೇಸ್ತ್ರಿ ಅದನ್ನು ಮನೆಮನೆಗೆ ಹಂಚಿರುತ್ತಾನೆ. ಒಬ್ಬರಿಗೆ ಮಗಳ ಮದುವೆ, ಇನ್ನೊಬ್ಬರಿಗೆ ಆಸ್ಪತ್ರೆ ಖರ್ಚು, ಮತ್ತೊಬ್ಬರಿಗೆ ಊರಿನಲ್ಲಿ ಮನೆ ಹೆಂಚು. ಬಟವಾಡೆಯಲ್ಲಿ ವಾರ ವಾರ ಅದನ್ನು ಮುರಿದುಕೊಳ್ಳುತ್ತಾರೆ. ಎಷ್ಟು ತೆಗೆದುಕೊಂಡದ್ದು, ಎಷ್ಟು ಮುರಿದದ್ದು, ಎಷ್ಟು ಬಾಕಿ? ಮೇಸ್ತ್ರಿಯ ಪುಸ್ತಕ ನೋಡಿದರೆ ಗೊತ್ತಾಗುತ್ತದೆ, ಆ ಪುಸ್ತಕ ಯಾರಿಗೂ ತೋರಿಸುವುದಿಲ್ಲ. ಕೊಯ್ಲು ಮುಗಿದರೂ ಬಾಕಿ ಮುಗಿಯುವುದಿಲ್ಲ. ಬಾಕಿ ಇರುವವರೆಗೆ ಬೇರೆ ತೋಟಕ್ಕೆ ಹೋಗುವ ಹಾಗಿಲ್ಲ ಅನ್ನುವ ಮಾತು ಕೇಳುತ್ತೇವೆ. 1976ರ ಕಾಯ್ದೆ ಜೀತವನ್ನು ದೇಶದಲ್ಲೆಲ್ಲ ರದ್ದು ಮಾಡಿತು, ಜೀತದ ಸಾಲವನ್ನು ತೀರಿಸಬೇಕಾಗಿಲ್ಲ ಅಂತಲೂ ಹೇಳಿತು. ಮುಂಗಡ ಕೊಟ್ಟದ್ದೆಲ್ಲ ಜೀತ ಅಂತ ನಾನು ಹೇಳುತ್ತಿಲ್ಲ. ಕಷ್ಟದಲ್ಲಿ ಕೈ ಹಿಡಿದ ಮಾಲೀಕರು ಇದ್ದಾರೆ, ಅವರನ್ನು ಆಳುಗಳೇ ನೆನೆಯುತ್ತಾರೆ. ಆದರೆ ಲೆಕ್ಕ ಮುಚ್ಚಿಟ್ಟ ಮುಂಗಡ ಮನುಷ್ಯನನ್ನು ಕಟ್ಟಿಹಾಕುತ್ತದೆ. ಧರ್ಮೋಪದೇಶಕಾಂಡ 15ನೇ ಅಧ್ಯಾಯ ಏಳನೇ ವರ್ಷ ಸಾಲ ಬಿಡಬೇಕು ಅನ್ನುತ್ತದೆ. ದುಡಿದವನನ್ನು ಬರಿಗೈಯಲ್ಲಿ ಕಳಿಸಬೇಡ, ನಿನ್ನ ಹಿಂಡಿನಿಂದ, ಕಣದಿಂದ, ದ್ರಾಕ್ಷಿಯ ಆಲೆಯಿಂದ ಕೊಟ್ಟು ಕಳಿಸು ಅನ್ನುತ್ತದೆ. ಕಣದಿಂದ ಅಂತ ಓದಿದಾಗಲೆಲ್ಲ ನನ್ನ ಕಣ್ಣಿಗೆ ನಮ್ಮ ಕಾಫಿ ಕಣವೇ ಬರುತ್ತದೆ.

ಯೆಶಾಯ 58 ಓದದೆ ಮುಂದೆ ಹೋಗಲು ಆಗುವುದಿಲ್ಲ. ಕೊಯ್ಲಿನ ಹೊತ್ತಿಗೆ ಅಕಾಲ ಮಳೆ ಬಂದರೆ ಕಣದಲ್ಲಿ ಹರಡಿದ ಕಾಫಿ ಕೆಡುತ್ತದೆ, ಗಿಡದ ಹಣ್ಣು ಒಡೆದು ಉದುರುತ್ತದೆ. ಅದಕ್ಕೇ ಮಳೆ ತಡೆಯಲಿ ಅಂತ ಉಪವಾಸ ಪ್ರಾರ್ಥನೆ ಇಡುತ್ತೇವೆ. ಇಡಬೇಕಾದದ್ದೇ. ಆದರೆ ಆ ಅಧ್ಯಾಯದಲ್ಲಿ ಜನ ದೇವರನ್ನು, ನಾವು ಉಪವಾಸ ಮಾಡಿದರೂ ನೀನು ಯಾಕೆ ನೋಡಲಿಲ್ಲ ಅಂತ ಕೇಳುತ್ತಾರೆ. ಉಪವಾಸದ ದಿನವೂ ನಿಮ್ಮ ಕೆಲಸಗಾರರನ್ನೆಲ್ಲ ಹಿಂಡುತ್ತೀರಿ ಅನ್ನುವುದು ದೇವರ ಉತ್ತರ.

ದಶಮಾಂಶವೂ ಹಾಗೇ. ಮತ್ತಾಯ 23:23ರಲ್ಲಿ ಪುದೀನ, ಸಬ್ಬಸಿಗೆ, ಜೀರಿಗೆಯಲ್ಲೂ ಹತ್ತರಲ್ಲೊಂದು ಎಣಿಸಿ ಕೊಟ್ಟು, ನ್ಯಾಯ, ಕರುಣೆ, ನಂಬಿಕೆಯನ್ನು ಬಿಟ್ಟವರಿಗೆ ಯೇಸು ಅಯ್ಯೋ ಅಂದ. ನಮ್ಮ ಕಡೆ ಅದು ಕಾಳುಮೆಣಸು, ಏಲಕ್ಕಿ. ಕೊಯ್ಲು ಮುಗಿದ ಮೇಲೆ ಸಭೆಗೆ ದೊಡ್ಡ ಕಾಣಿಕೆ ಬಂದಾಗ ಪಾಸ್ಟರರು ಸಂತೋಷಪಡುವುದು ಸಹಜ, ಸಭೆಯ ಶೀಟು, ಗೋಡೆ, ಮಕ್ಕಳ ಪುಸ್ತಕ ಎಲ್ಲ ಅದರಿಂದಲೇ ಆಗಬೇಕು. ಕೊಟ್ಟವರನ್ನು ಪಕ್ಕಕ್ಕೆ ಕರೆದು, ಆಳುಗಳ ಬಾಕಿ ತೀರಿಸಿದ್ದೀರಾ ಅಂತ ಪ್ರೀತಿಯಿಂದ ಕೇಳುವ ಧೈರ್ಯವನ್ನು ಕರ್ತನು ನಿಮಗೆ ಕೊಡಲಿ ಅಂತ ನಾನು ಪ್ರಾರ್ಥಿಸುತ್ತೇನೆ. ನಿಮ್ಮ ಮನೆ ಅವರ ಕಾಣಿಕೆಯಿಂದ ನಡೆಯುವಾಗ ಹಾಗೆ ಕೇಳುವುದು ಎಷ್ಟು ಕಷ್ಟ ಅಂತ ಗೊತ್ತು. ಅದಕ್ಕೇ ಈ ಮಾತನ್ನು ಒಬ್ಬ ಪಾಸ್ಟರರ ಮೇಲೆ ಹಾಕಬೇಡಿ, ಹಿರಿಯರೆಲ್ಲ ಜೊತೆಗೆ ನಿಲ್ಲಿ.

ಹೊರಗಿನಿಂದ ಬಂದವರ ಬಗ್ಗೆ. ಈಗ ನಮ್ಮ ಎರಡೂ ಜಿಲ್ಲೆಗಳ ತೋಟಗಳಲ್ಲಿ ಅಸ್ಸಾಂ, ಜಾರ್ಖಂಡ್, ಪಶ್ಚಿಮ ಬಂಗಾಳದಿಂದ ಬಂದ ಕುಟುಂಬಗಳು ದುಡಿಯುತ್ತಿವೆ. ಅವರಿಲ್ಲದೆ ಕೊಯ್ಲು ಆಗುವುದಿಲ್ಲ. ಧರ್ಮೋಪದೇಶಕಾಂಡ 24:14, 15 ನೇರವಾಗಿ ಇವರ ಬಗ್ಗೆಯೇ: ಕೂಲಿಯವನು ನಿನ್ನ ಸಹೋದರನಾಗಿರಲಿ, ನಿನ್ನ ಊರಿನಲ್ಲಿರುವ ಪರದೇಶದವನಾಗಿರಲಿ, ಹೊತ್ತು ಮುಳುಗುವ ಮೊದಲು ಅವನ ಕೂಲಿ ಕೊಡು, ಅವನು ಬಡವ, ಅದರ ಮೇಲೇ ಮನಸ್ಸಿಟ್ಟಿದ್ದಾನೆ. ಜಾರ್ಖಂಡಿನ ಓರಾಂವ್, ಮುಂಡಾ, ಖಡಿಯಾ ಜನರಲ್ಲಿ ಬಹಳ ಮಂದಿ ತಲೆಮಾರುಗಳಿಂದ ಕ್ರೈಸ್ತರು. ರಾಂಚಿಗೆ ಗಾಸ್ನರ್ ಮಿಷನ್ ಬಂದದ್ದು 1845ರಲ್ಲಿ. ಅಂಥವರು ನಮ್ಮ ಲೈನುಗಳಲ್ಲಿ ಭಾನುವಾರ ಮೊಬೈಲಿನಲ್ಲಿ ತಮ್ಮ ಭಾಷೆಯ ಹಾಡು ಹಾಕಿಕೊಂಡು ಕೂತಿರುತ್ತಾರೆ. ಸಭೆ ಅರ್ಧ ಮೈಲಿ ದೂರದಲ್ಲಿದೆ, ಯಾರೂ ಕರೆಯುವುದಿಲ್ಲ. ಭಾಷೆ ಬರುವುದಿಲ್ಲ ಅನ್ನುತ್ತೇವೆ. ಕೊಯ್ಲಿನ ಕೆಲಸ ಹೇಳಲು ಬರುವ ಅರೆಬರೆ ಹಿಂದಿ, ಬನ್ನಿ ಆರಾಧನೆಗೆ ಅನ್ನಲು ಸಾಲುವುದಿಲ್ಲವಾ? ಒಂದು ವಾಕ್ಯಭಾಗವನ್ನಾದರೂ ಹಿಂದಿಯಲ್ಲಿ ಓದಿಸಿ. ಬಂದವರನ್ನು ಕೊನೆಯ ಸಾಲಿನ ಚಾಪೆಗೆ ಕಳಿಸಬೇಡಿ. ಸಿರಿವಂತನಿಗೆ ಒಳ್ಳೆಯ ಕುರ್ಚಿ, ಬಡವನಿಗೆ ಕಾಲ ಬಳಿಯ ಜಾಗ ಅಂತ ಮಾಡುವುದರ ಬಗ್ಗೆ ಯಾಕೋಬನ ಪತ್ರದ 2ನೇ ಅಧ್ಯಾಯ ಏನು ಹೇಳುತ್ತದೆ ಅಂತ ನಿಮಗೆ ಗೊತ್ತು.

ರೂತಳ ಪುಸ್ತಕದಲ್ಲಿ ಇದಕ್ಕೆಲ್ಲ ಒಂದು ಮಾದರಿ ಇದೆ. ಬೋವಜ ಹೊಲಕ್ಕೆ ಬಂದ ಕೂಡಲೇ ಕೊಯ್ಯುವವರಿಗೆ, ಕರ್ತನು ನಿಮ್ಮ ಸಂಗಡ ಇರಲಿ ಅನ್ನುತ್ತಾನೆ, ಅವರು ತಿರುಗಿ ಅವನನ್ನು ಆಶೀರ್ವದಿಸುತ್ತಾರೆ. ನಮ್ಮ ತೋಟಗಳಲ್ಲಿ ಮಾಲೀಕರ ಜೀಪಿನ ಸದ್ದು ಕೇಳಿದರೆ ಆಳುಗಳ ಬಾಯಿಂದ ಆಶೀರ್ವಾದ ಬರುತ್ತದಾ? ರೂತಳು ಮೋವಾಬಿನವಳು, ವಿಧವೆ, ಊರಿಗೆ ಹೊಸಬಳು. ಅವಳ ಮೈ ಮುಟ್ಟಬಾರದು ಅಂತ ಬೋವಜ ತನ್ನ ಹುಡುಗರಿಗೆ ಖಡಕ್ಕಾಗಿ ಹೇಳುತ್ತಾನೆ. ಬಾಯಾರಿದರೆ ಗಡಿಗೆಯ ನೀರು ಕುಡಿ ಅನ್ನುತ್ತಾನೆ. ಊಟದ ಹೊತ್ತಿಗೆ ಹತ್ತಿರ ಕರೆದು ತಾನೇ ಬಡಿಸುತ್ತಾನೆ. ಸುರಕ್ಷತೆ, ನೀರು, ಊಟ, ಗೌರವ. 1951ರ ಪ್ಲಾಂಟೇಶನ್ ಕಾಯ್ದೆ ತೋಟಗಳಿಗೆ ಹೇಳಿದ್ದರಲ್ಲೂ ಕುಡಿಯುವ ನೀರು, ಮನೆ, ಔಷಧಿ, ಕೂಸುಗಳನ್ನು ನೋಡಿಕೊಳ್ಳುವ ಜಾಗ ಇದ್ದವು. ಕಾನೂನು ಇನ್ಸ್‌ಪೆಕ್ಟರ್ ಬಂದಾಗ ನೆನಪಾಗುತ್ತದೆ. ಬೋವಜನಿಗೆ ಯಾವ ಇನ್ಸ್‌ಪೆಕ್ಟರೂ ಬೇಕಾಗಿರಲಿಲ್ಲ.

ಆನೆಯ ಮಾತನ್ನೂ ಹೇಳಿಬಿಡುತ್ತೇನೆ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆ ಕಾಡಾನೆಗೆ ಸಿಕ್ಕಿ ತೋಟದ ಕೆಲಸಗಾರರು ಸತ್ತಿದ್ದಾರೆ. ಸಭೆಯಲ್ಲಿ ಕಾಪಾಡು ತಂದೆ ಅಂತ ಕಣ್ಣೀರಿಟ್ಟು ಪ್ರಾರ್ಥಿಸುತ್ತೇವೆ. ಆನೆ ಇದೆ ಅಂತ ಅರಣ್ಯ ಇಲಾಖೆಯಿಂದ ಸುದ್ದಿ ಬಂದ ದಿನ, ಮಂಜು ಕರಗಿ ಬೆಳಕು ಸರಿಯಾಗಿ ಆಗುವವರೆಗೆ ಆಳುಗಳನ್ನು ಒಳಗೆ ಕಳಿಸದೆ ಇರುವುದೂ, ಆ ದಿನದ ಕೂಲಿ ಮುರಿಯದೆ ಇರುವುದೂ ಆ ಪ್ರಾರ್ಥನೆಯ ಭಾಗವೇ.

ಮಾಲೀಕರ ಕಷ್ಟ ನನಗೆ ಗೊತ್ತಿಲ್ಲದೆ ಇಲ್ಲ, ಅವರ ಲೆಕ್ಕ ಬರೆಯುವವನೂ ನಾನೇ. ಗೊಬ್ಬರದ ಬೆಲೆ, ಬೋರರ್ ಹುಳ, ಕೊಳೆರೋಗ, ಮಾರ್ಚಿನಲ್ಲಿ ಹೂಮಳೆ ಕೈಕೊಟ್ಟರೆ ಮುಂದಿನ ಫಸಲೇ ಇಲ್ಲ. ಎರಡು ಮೂರು ಎಕರೆಯ ಸಣ್ಣ ಬೆಳೆಗಾರರು ಬ್ಯಾಂಕಿನ ಬಾಗಿಲಲ್ಲಿ ನಿಂತಿರುತ್ತಾರೆ. ಮುಂಗಡ ತೆಗೆದುಕೊಂಡು ಬಾರದೆ ಹೋದ ಆಳುಗಳೂ ಇದ್ದಾರೆ. ದುಡಿಯುವ ವಿಶ್ವಾಸಿಗಳಿಗೂ ಅದೇ ಭಾನುವಾರ ಹೇಳಬೇಕು: ಚೀಲದ ಅಡಿಗೆ ಹಸಿಕಾಯಿ ತುಂಬುವುದು, ಮೇಲೆ ಹಣ್ಣು ಹರಡುವುದು ಕೂಡ ಮೋಸದ ತೂಕವೇ. ಏನು ಮಾಡಿದರೂ ಕರ್ತನಿಗೆ ಮಾಡಿದ ಹಾಗೆ ಮಾಡಿ ಅನ್ನುವ ಕೊಲೊಸ್ಸೆ 3:23 ಅವರಿಗೆ. ಆದರೆ ಎರಡನ್ನೂ ಸಮ ಅಂತ ತೂಗಬೇಡಿ. ಪುಸ್ತಕ ಯಾರ ಕೈಯಲ್ಲಿದೆಯೋ ಅವರ ಹೊಣೆ ಜಾಸ್ತಿ.

ಸಭೆಗಳು ಇಂಥ ವಿಷಯಕ್ಕೆ ಕೈ ಹಾಕಬಾರದು, ಇದು ಯೂನಿಯನ್ ಕೆಲಸ ಅನ್ನುವವರಿಗೆ ನಮ್ಮದೇ ಚರಿತ್ರೆ ನೆನಪಿಸಬೇಕು. ಇಂಗ್ಲೆಂಡಿನ ಸಂಸತ್ ಸದಸ್ಯ ವಿಲಿಯಂ ವಿಲ್ಬರ್‌ಫೋರ್ಸ್ ಹೊಸದಾಗಿ ಹುಟ್ಟಿದ ವಿಶ್ವಾಸಿಯಾದ ಮೇಲೆ ರಾಜಕೀಯ ಬಿಟ್ಟು ಸೇವೆಗೆ ಹೋಗಲಾ ಅಂತ ಯೋಚಿಸಿದವರು. ಬಿಡಲಿಲ್ಲ. ಗುಲಾಮರ ವ್ಯಾಪಾರದ ವಿರುದ್ಧ ನಿಂತರು. ವರ್ಷಗಟ್ಟಲೆ ಸೋತು ಸೋತು 1807ರಲ್ಲಿ ಆ ವ್ಯಾಪಾರ ನಿಲ್ಲಿಸುವ ಕಾನೂನು ಕಂಡರು. ಗುಲಾಮಗಿರಿಯನ್ನೇ ರದ್ದು ಮಾಡುವ ಮಸೂದೆ 1833ರಲ್ಲಿ ಗೆಲ್ಲುತ್ತದೆ ಅಂತ ಖಚಿತವಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಆ ಗುಲಾಮರಲ್ಲಿ ಬಹುಪಾಲು ಜನ ದುಡಿದದ್ದು ತೋಟಗಳಲ್ಲಿ, ಕಬ್ಬಿನ ಮತ್ತು ಕಾಫಿಯ ತೋಟಗಳಲ್ಲೂ. ನಮ್ಮ ಹತ್ತಿರದವರನ್ನೇ ನೋಡಿ. 1843ರಲ್ಲಿ ಮಂಗಳೂರ ಸಮಾಚಾರ ಪತ್ರಿಕೆ ಶುರು ಮಾಡಿದ ಮಿಷನರಿ ಹರ್ಮನ್ ಮೋಗ್ಲಿಂಗ್ ಮುಂದೆ ಕೊಡಗಿಗೆ ಹೋಗಿ, ಜೀತದಲ್ಲಿ ನಲುಗಿದ್ದ ದಲಿತ ಕುಟುಂಬಗಳಿಗೆ ಒಂದು ನೆಲೆಯಾಗಲಿ ಅಂತ ಆನಂದಪುರ ಕಟ್ಟಲು ದುಡಿದರು. ಇವರೆಲ್ಲ ಸುವಾರ್ತೆಯನ್ನು ಬಿಟ್ಟು ಈ ಕೆಲಸ ಮಾಡಲಿಲ್ಲ.

ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾದದ್ದು 1831ರಲ್ಲಿ, ಬಳ್ಳಾರಿಯ ಜಾನ್ ಹ್ಯಾಂಡ್ಸ್ ಮತ್ತು ಅವರ ಜೊತೆಯವರ ದುಡಿಮೆಯಿಂದ. ಸುಮಾರು ಇನ್ನೂರು ವರ್ಷದಿಂದ ಈ ವಚನಗಳು ನಮ್ಮ ಭಾಷೆಯಲ್ಲೇ ಇವೆ.

ಮತ್ತಾಯ 20ನೇ ಅಧ್ಯಾಯದ ದ್ರಾಕ್ಷಿತೋಟದ ಸಾಮ್ಯದಲ್ಲಿ ಯಜಮಾನ ಸಂಜೆ ತನ್ನ ಪಾರುಪತ್ಯಗಾರನನ್ನು ಕರೆದು, ಕೂಲಿಯವರನ್ನು ಕರೆದು ಕೂಲಿ ಕೊಡು ಅನ್ನುತ್ತಾನೆ. ಆ ಪಾರುಪತ್ಯಗಾರನ ಕೆಲಸವೇ ನನ್ನದು. ಅದಕ್ಕೇ ನನಗೆ ಗೊತ್ತಿರುವ ಕೆಲವು ವಿಷಯ ಬಿಡಿಸಿ ಹೇಳುತ್ತೇನೆ, ಪ್ರಸಂಗ ಮುಗಿದ ಮೇಲೆ ತೋಟ ಇರುವವರನ್ನು ಕೂರಿಸಿಕೊಂಡು ಮಾತಾಡಲು ಅನುಕೂಲವಾಗಲಿ. ತಕ್ಕಡಿಯ ಮುಖ ಚೀಲ ತಂದವರ ಕಡೆಗೆ ತಿರುಗಲಿ, ಅಂಕಿಯನ್ನು ಅವರಿಗೆ ಗೊತ್ತಿರುವ ಭಾಷೆಯಲ್ಲಿ ಜೋರಾಗಿ ಹೇಳಲಿ. ಕೊಯ್ಲಿಗೆ ಮುಂಚೆ ತೂಕ ಅಳತೆ ಇಲಾಖೆಯ ಮುದ್ರೆ ಹಾಕಿಸಿರಲಿ. ಖಾಲಿ ಚೀಲವನ್ನು ಒಮ್ಮೆ ಎಲ್ಲರ ಮುಂದೆ ತೂಗಿ, ಅಷ್ಟನ್ನೇ ಕಳೆಯಲಿ. ಗ್ರಾಮುಗಳನ್ನು ಬಿಡದೆ ಬರೆದು ವಾರದ ಕೊನೆಗೆ ಕೂಡಿಸಲಿ, ಇದಕ್ಕೆ ರೈಟರ್‌ಗೆ ದಿನಕ್ಕೆ ಹತ್ತು ನಿಮಿಷ ಜಾಸ್ತಿ ಬೇಕಾಗುತ್ತದೆ ಅಷ್ಟೇ. ಪ್ರತಿಯೊಬ್ಬರಿಗೂ ಒಂದು ಸಣ್ಣ ನೋಟ್‌ಬುಕ್ ಕೊಟ್ಟು ಅವರ ತೂಕ, ಮುಂಗಡ, ಮುರಿದದ್ದು ಅದರಲ್ಲೂ ಬರೆಯಲಿ. ಮೇಸ್ತ್ರಿಯ ಕೈಗೆ ಎಲ್ಲರ ದುಡ್ಡು ಕೊಡುವ ಬದಲು ಅವರವರ ಕೈಗೇ ಕೊಡಲಿ, ಹೆಂಡತಿಯ ಕೂಲಿಯನ್ನು ಗಂಡನ ಹೆಸರಿಗೆ ಸೇರಿಸದೆ ಹೆಂಡತಿಗೇ ಕೊಡಲಿ. ಬಟವಾಡೆ ಸಂತೆಯ ಹಿಂದಿನ ಸಂಜೆಯೇ ಆಗಲಿ. ಸಂತೆ ದಿನ ಮಧ್ಯಾಹ್ನ ದುಡ್ಡು ಸಿಕ್ಕರೆ ಅಂಗಡಿಯಲ್ಲಿ ಸಾಲ ಬರೆಸದೆ ಬೇರೆ ದಾರಿ ಇರುವುದಿಲ್ಲ.

ಸಂಡೇ ಸ್ಕೂಲಿನಲ್ಲಿ ದೊಡ್ಡ ಮಕ್ಕಳು ಇದ್ದರೆ ಅವರಿಗೂ ಚೆಕ್‌ರೋಲ್ ಓದುವುದು ಕಲಿಸಬಹುದು. ಹೈಸ್ಕೂಲ್ ಮಕ್ಕಳಿಗೆ ಒಂದು ಗಂಟೆಯ ಪಾಠ ಸಾಕು. ಆಮೇಲೆ ಅವರು ಲೈನಿನಲ್ಲಿ ಅಜ್ಜಿಗೆ, ಅತ್ತೆಗೆ, ಪಕ್ಕದ ಮನೆಯ ಬಂಗಾಳದ ಅಕ್ಕನಿಗೆ ನೋಟ್‌ಬುಕ್ ಓದಿ ಹೇಳುತ್ತಾರೆ. ಇದಕ್ಕೆ ಬೇಕಾದ ಮಾದರಿ ಹಾಳೆ ನಾನು ಬರೆದು ಇಟ್ಟಿದ್ದೇನೆ. ಸಕಲೇಶಪುರದಿಂದ ಕೊಪ್ಪದವರೆಗೆ ಯಾವ ಸಭೆಯವರು ಕರೆದರೂ ಬಂದು ಹೇಳಿಕೊಡುತ್ತೇನೆ. ಆರಾಧನೆ ಮುಗಿದ ಮೇಲೆ, ಭಾನುವಾರ ಮಧ್ಯಾಹ್ನ ನನಗೆ ಬಿಡುವಿರುತ್ತದೆ. ನವೆಂಬರ್ ಎರಡನೇ ವಾರದೊಳಗೆ ಕರೆದರೆ ಒಳ್ಳೆಯದು, ಆಮೇಲೆ ನಮ್ಮ ತೋಟದಲ್ಲೂ ಕೊಯ್ಲು ಶುರುವಾಗಿರುತ್ತದೆ.

ಕರ್ತನ ಸೇವೆಯಲ್ಲಿ ನಿಮ್ಮ ಸಹೋದರ,
ಒಬ್ಬ ತೋಟದ ರೈಟರ್
ಮೂಡಿಗೆರೆ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ